ಅತ್ತಿ ಮರದ ಬಲಗಡೆ

ಅಬುಧಾಬಿಯಲ್ಲಿ ನಾನು ಏಳು ವರ್ಷ ಒಬ್ಬ ಕಾದಂಬರಿಕಾರ್ತಿಯ ಮನೆಯಲ್ಲಿ ಬಾಡಿಗೆಗಿದ್ದೆ. ಹೀಗೆಂದ ಕೂಡಲೇ ಜನ ಕಣ್ಣರಳಿಸುತ್ತಾರೆ. ಅರಳಿಸುವಂಥದ್ದೇನೂ ಇರಲಿಲ್ಲ. ಖಾಲಿದಿಯಾದ ಒಂದು ಹಳೇ ಕಟ್ಟಡದ ಐದನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಹಾಲ್, ಇಬ್ಬರು ನಿಂತರೆ ಮೊಣಕೈ ತಾಗುವಂಥ ಅಡುಗೆಮನೆ. ಒಂದು ಕೋಣೆ ಅವರದ್ದು, ಇನ್ನೊಂದು ನನ್ನದು. ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುತ್ತಿದ್ದದ್ದು ಅಡುಗೆಮನೆಯ ಕಿಟಕಿಯ ಹತ್ತಿರ ಮಾತ್ರ. ಒಂದು ಹೆಜ್ಜೆ ಈಚೆ ಬಂದರೆ ಮಾತು ಕಡಿದುಹೋಗುತ್ತಿತ್ತು. ಅದಕ್ಕಾಗಿ ಅಲ್ಲೊಂದು ಸ್ಟೂಲ್ ಹಾಕಿದ್ದೆವು. ಯಾರಿಗೆ ಮನೆಯಿಂದ ಫೋನ್ ಬಂದರೂ ಅದರ ಮೇಲೆ ಕುಳಿತೇ ಮಾತಾಡಬೇಕು, ಏಳುವ ಹಾಗಿಲ್ಲ.

ಅವರು ಪ್ಯಾಲೆಸ್ತೀನಿನವರು. ಗಾಜಾದ ಒಂದು ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವರು. ಹದಿನೇಳನೇ ವಯಸ್ಸಿನಲ್ಲಿ ಓದಲೆಂದು ಕೈರೋಗೆ ಹೋಗಿದ್ದಾಗ ಅರವತ್ತೇಳರ ಯುದ್ಧವಾಯಿತು, ಹೊರಗಿದ್ದವರು ಹೊರಗೇ ಉಳಿದರು. ತಾಯಿ ಒಳಗೆ, ಮಗಳು ಹೊರಗೆ. ಅವರ ಬಳಿ ಪಾಸ್‌ಪೋರ್ಟ್ ಇರಲಿಲ್ಲ. ಈಜಿಪ್ಟಿನವರು ಕೊಟ್ಟ ಒಂದು ಪ್ರಯಾಣ ಪತ್ರ ಇತ್ತು. ಅದನ್ನು ತೋರಿಸಿದರೆ ಅದನ್ನು ಕೊಟ್ಟ ದೇಶವೇ ಸುಲಭಕ್ಕೆ ಒಳಗೆ ಬಿಡುತ್ತಿರಲಿಲ್ಲ. ಟೀಚರಾಗಿ ಅಬುಧಾಬಿಗೆ ಬಂದವರು, ಪತ್ರಿಕೆಗೆ ಬರೆದ ಯಾವುದೋ ಲೇಖನದಿಂದ ಶಾಲೆಯ ಕೆಲಸ ಕಳೆದುಕೊಂಡು, ಆಮೇಲೆ ಒಂದು ಕಟ್ಟಡ ಕಂಪನಿಯಲ್ಲಿ ಅನುವಾದಕಿಯಾಗಿದ್ದರು. ನಾನು ಸೇರಿಕೊಂಡಾಗ ಅರವತ್ತು ದಾಟಿತ್ತು. ನಾಲ್ಕು ಕಾದಂಬರಿಗಳು ಬೈರೂತಿನಲ್ಲಿ ಅಚ್ಚಾಗಿದ್ದವು. ಐದನೆಯದು ಊಟದ ಮೇಜಿನ ಮೇಲಿತ್ತು.

ಕೋಣೆ ಬಾಡಿಗೆಗಿದೆ ಎಂಬ ಚೀಟಿಯನ್ನು ನಾನು ನೋಡಿದ್ದು ಬಕಾಲದ, ಅಂದರೆ ಮೂಲೆಯ ದಿನಸಿ ಅಂಗಡಿಯ ಬಾಗಿಲಲ್ಲಿ. 'ಹೆಂಗಸರಿಗೆ ಮಾತ್ರ, ಸಿಗರೇಟು ಸೇದುವವರು ಬೇಡ' ಎಂದಿತ್ತು. ಹೋಗಿ ಬೆಲ್ ಮಾಡಿದರೆ ಬಾಗಿಲು ತೆರೆದವರ ಬೆರಳ ಸಂದಿಯಲ್ಲೇ ಸಿಗರೇಟು. ನನಗೋ ಮೂಗಿನ ತುದಿಯಲ್ಲಿ ಸಿಟ್ಟು. "ನಿಮ್ಮ ಚೀಟಿಯಲ್ಲಿ ಬೇರೇನೋ ಬರೆದಿದೆಯಲ್ಲ" ಅಂದೆ.

"ಅದು ನಿನಗೆ, ನನಗಲ್ಲ" ಅಂದರು. ಆಮೇಲೆ ಚಹಾ ಕೊಟ್ಟರು.

ನಾನು ಉಡುಪಿ ಕಡೆಯವಳು. ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಬರುವ ನಕ್ಷೆಗೆಲ್ಲ ನಂಬರು ಹಾಕಿ, ಸೀಲು ಒತ್ತಿ, ಯಾವುದು ಹಳೆಯದು ಯಾವುದು ಹೊಸದು ಎಂದು ಲೆಕ್ಕ ಇಟ್ಟು, ಒಂದು ಕಾಗದವೂ ಕಳೆಯದ ಹಾಗೆ ನೋಡಿಕೊಳ್ಳುವ ಕೆಲಸ. ಇದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ಅಂದು ಆ ಕೆಲಸದ ಬಗ್ಗೆ ನನಗೆ ಬಹಳ ಜಂಬವಿತ್ತು.

ಅವರನ್ನು ನಾನು ಖಾಲಾ ಎನ್ನುತ್ತಿದ್ದೆ, ಚಿಕ್ಕಮ್ಮ ಅಂದ ಹಾಗೆ. ಅವರು ನನ್ನನ್ನು 'ಯಾ ಬಿಂತಿ' ಎನ್ನುತ್ತಿದ್ದರು, ಮಗಳೇ ಎಂದು. ನಮ್ಮಿಬ್ಬರ ಮಾತು ಅರ್ಧ ಇಂಗ್ಲಿಷು, ಕಾಲು ಪಾಲು ಹಿಂದಿ, ಉಳಿದದ್ದು ಕೈಸನ್ನೆ. ಸೇರಿದ ಮೊದಲ ವಾರವೇ ನಮ್ಮ ಗಲ್ಫಿನವರ ಚಾಳಿಯಂತೆ ಕೇಳಿಬಿಟ್ಟಿದ್ದೆ: "ಊರಿಗೆ ಯಾವಾಗ ಹೋಗ್ತೀರಿ ಖಾಲಾ?" ಇಲ್ಲಿ ಯಾರು ಯಾರಿಗೆ ಸಿಕ್ಕಿದರೂ ಕೇಳುವ ಪ್ರಶ್ನೆ ಅದು, ಲಿಫ್ಟಿನಲ್ಲಿ ಸಿಕ್ಕಿದವರೂ ಕೇಳುತ್ತಾರೆ. ಅವರು, "ನೀನು ಹೋಗಿ ಬಾ, ನನಗೆ ಹೇಳು" ಅಂದರು. ಅದರ ಅರ್ಥ ನನಗೆ ಗೊತ್ತಾಗಲು ತಿಂಗಳುಗಳು ಬೇಕಾದವು.

ಅವರ ನಿಜವಾದ ಕೆಲಸ ಶುಕ್ರವಾರದ್ದು. ಬೆಳಿಗ್ಗೆ ಬ್ರೆಡ್ಡಿಗೆ ಎಣ್ಣೆ ಮತ್ತು ಒಣ ಸೊಪ್ಪಿನ ಪುಡಿ ಹಚ್ಚಿ ತಿಂದು, ಆ ಸ್ಟೂಲಿನ ಮೇಲೆ ಕುಳಿತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಬೇರೆ ಬೇರೆ ದೇಶಗಳ ಶಿಬಿರಗಳಲ್ಲಿರುವ ಮುದುಕಿಯರಿಗೆ ಫೋನ್. ಮೊದಲ ಪ್ರಶ್ನೆ ಯಾವಾಗಲೂ ಒಂದೇ: 'ನಿಮ್ಮ ಮನೆಯ ಬಾಗಿಲಿನಿಂದ ಹೊರಗೆ ಕಾಲಿಟ್ಟರೆ ಮೊದಲು ಏನು ಕಾಣುತ್ತಿತ್ತು?' ಅಷ್ಟು ಕೇಳಿದರೆ ಸಾಕು, ಮುದುಕಿಯರು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿ ಬೆರಳುದ್ದದ ಒಂದು ರೆಕಾರ್ಡರ್ ಇಡುತ್ತಿದ್ದರು. ಆಮೇಲೆ ಅದನ್ನು ಕೇಳಿ ಕೇಳಿ, ಈಗ ಇಲ್ಲದ ಹಳ್ಳಿಗಳ ನಕ್ಷೆ ಬಿಡಿಸುತ್ತಿದ್ದರು: ಬಾವಿ ಎಲ್ಲಿ, ಗಿರಣಿ ಎಲ್ಲಿ, ಯಾರ ಅಂಗಳದಿಂದ ಯಾರ ಅಂಗಳಕ್ಕೆ ದಾರಿ. ನಕ್ಷೆಗೆ ದೊಡ್ಡ ಹಾಳೆಗಳನ್ನು ತಂದುಕೊಡುತ್ತಿದ್ದವಳು ನಾನು, ಆಫೀಸಿನಲ್ಲಿ ರದ್ದಾದ ಡ್ರಾಯಿಂಗುಗಳು. ಒಂದು ಬದಿಯಲ್ಲಿ ಯಾವುದೋ ಮಾಲಿನ ಪಾರ್ಕಿಂಗ್, ಇನ್ನೊಂದು ಬದಿಯಲ್ಲಿ ಅವರ ಹಳ್ಳಿ.

ನನ್ನ ಚಟ ನನ್ನನ್ನು ಬಿಡುತ್ತದೆಯೇ? ಅವರ ರೆಕಾರ್ಡಿಂಗುಗಳಿಗೆಲ್ಲ ನಂಬರು ಕೊಟ್ಟೆ. ಕಾದಂಬರಿಯ ಅಧ್ಯಾಯಗಳ ಮೂಲೆಯಲ್ಲಿ ಪೆನ್ಸಿಲಿನಿಂದ 'ಅಧ್ಯಾಯ ಏಳು, ರಿವಿಷನ್ ಮೂರು' ಎಂದು ಬರೆದಿಟ್ಟೆ. ಅರಬಿಯ ಒಂದು ಅಕ್ಷರ ಬರದಿದ್ದರೂ ಯಾವ ಅಧ್ಯಾಯ ಎಷ್ಟನೇ ಸಲ ತಿದ್ದಿಸಿಕೊಂಡಿದೆ ಎಂದು ನಾನೇ ಹೇಳುತ್ತಿದ್ದೆ. ಅವರು ನಗುತ್ತಿದ್ದರು. ಯಾರಾದರೂ ಬಂದರೆ "ಇವಳು ನನ್ನ ಮ್ಯಾನೇಜರ್" ಎಂದು ಪರಿಚಯ ಮಾಡಿಸುತ್ತಿದ್ದರು.

ಆ ಐದನೇ ಕಾದಂಬರಿ ಅವರ ತಾಯಿಯ ಕತೆ. ಹದಿನಾರು ಅಧ್ಯಾಯ ಮುಗಿದಿದ್ದವು, ಹದಿನೇಳನೆಯದು ಆಗುತ್ತಿರಲಿಲ್ಲ. ಯಾಕೆಂದರೆ ಅದು ಒಂದು ಮಗುವಿನದ್ದು. ತಾಯಿಗೆ ಹದಿನೆಂಟು ವರ್ಷವಾಗಿದ್ದಾಗ, ನಲವತ್ತೆಂಟರ ಯುದ್ಧದಲ್ಲಿ, ಇಡೀ ಹಳ್ಳಿ ಓಡಿಹೋಗಬೇಕಾಯಿತು. ಕಂಕುಳಲ್ಲಿ ಚೊಚ್ಚಲ ಮಗ, ಹತ್ತು ತಿಂಗಳಿನವನು, ಮೈತುಂಬ ಜ್ವರ. ಶಿಬಿರ ಸೇರಿದಾಗ ಕಂಕುಳಲ್ಲಿ ಮಗು ಇರಲಿಲ್ಲ. ಎಲ್ಲಿ ಮಣ್ಣು ಮಾಡಿದಳೆಂದು ಆಕೆ ಗಂಡನಿಗೂ ಹೇಳಲಿಲ್ಲ, ಆಮೇಲೆ ಹುಟ್ಟಿದ ಹೆಣ್ಣುಮಕ್ಕಳಿಗೂ ಹೇಳಲಿಲ್ಲ. ಖಾಲಾ ಊರೂರಿನ ಮುದುಕಿಯರ ಬಾಯಿ ಬಿಡಿಸಿದರು, ತಮ್ಮ ತಾಯಿಯ ಬಾಯಿ ಬಿಡಿಸಲು ಆಗಲಿಲ್ಲ. ಆ ಪ್ರಶ್ನೆ ಬಂದ ಕೂಡಲೇ ಮುದುಕಿ "ಒಲೆಯ ಮೇಲೆ ಪಾತ್ರೆ ಇಟ್ಟಿದ್ದೇನೆ" ಎಂದು ಫೋನ್ ಇಟ್ಟುಬಿಡುತ್ತಿತ್ತು.

"ಪುಸ್ತಕಕ್ಕೆ ಬೇಕು ಅಂತಲ್ಲ" ಎಂದು ಖಾಲಾ ಒಮ್ಮೆ ಹೇಳಿದರು. "ನನ್ನ ಅಣ್ಣ ಎಲ್ಲಿ ಮಲಗಿದ್ದಾನೆ ಅಂತ ನಮ್ಮಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಅಮ್ಮ ಹೋದರೆ ಅದೂ ಹೋಯಿತು."

ಮುದುಕಿಗೆ ಎಂಬತ್ತೈದರ ಮೇಲಾಗಿತ್ತು. ಮರೆವು ಹಿಡಿದಿತ್ತು. ಕೆಲವು ಶುಕ್ರವಾರ ಮಗಳ ಗುರುತೇ ಹತ್ತುತ್ತಿರಲಿಲ್ಲ. ಖಾಲಾ ಫೋನ್ ಇಟ್ಟು ಸಿಂಕಿನಲ್ಲಿ ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು. ನಾನು ಒರೆಸಿ ಇಡುತ್ತಿದ್ದೆ.

ನನ್ನ ಅಣ್ಣ ದುಬೈಯಲ್ಲಿ, ರಾಸ್ ಅಲ್ ಖೋರಿನ ಒಂದು ಗ್ಯಾರೇಜಿನಲ್ಲಿ ಫೋರ್‌ಮ್ಯಾನ್ ಆಗಿದ್ದ. ಪ್ರತಿ ವರ್ಷ ಆಯುಧ ಪೂಜೆಗೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಸ್ಪಾನರು, ಜಾಕು, ವೆಲ್ಡಿಂಗ್ ಮಶೀನು ಎಲ್ಲಕ್ಕೂ ಕುಂಕುಮ ಇಟ್ಟು, ಶಟರು ಅರ್ಧ ಇಳಿಸಿ ಮಂಗಳಾರತಿ ಮಾಡುತ್ತಿದ್ದರು. ಆ ವರ್ಷ ಮಹಾನವಮಿ ವಾರದ ನಡುವೆ ಬಂತು. ಆಫೀಸಿನಲ್ಲಿ ಆಡಿಟ್, ಮಧ್ಯಾಹ್ನದ ಮೇಲೆ ಅರ್ಧ ದಿನದ ರಜೆ ಸಿಕ್ಕಿದ್ದೇ ಪುಣ್ಯ.

"ಬರ್ಲಿಕ್ಕೆ ಆಗದಿದ್ರೆ ಅಲ್ಲೇ ಮಾಡು ಮಾರಾಯ್ತಿ" ಅಂದ ಅಣ್ಣ ಫೋನಿನಲ್ಲಿ. "ದೇವ್ರು ದುಬೈಯಲ್ಲಿ ಮಾತ್ರ ಇರೂದಾ? ಎಂತಾದ್ರೂ ಎರಡು ಸಾಮಾನು ಇಟ್ಟು ಒಂದು ಊದುಬತ್ತಿ ಹಚ್ಚು."

ಎರಡು ಸಾಮಾನು ಇಟ್ಟು ಸುಮ್ಮನಿರುವ ಜನ್ಮವೇ ನನ್ನದು? ಹಿಂದಿನ ಸಂಜೆ ಅಲ್ ಮೀನಾದ ತರಕಾರಿ ಮಾರುಕಟ್ಟೆಗೆ ಹೋಗಿ ಬಾಳೆಹಣ್ಣು, ತೆಂಗಿನಕಾಯಿ, ಬೂದುಗುಂಬಳ ತಂದೆ. ಕೋಣೆಯ ಮೂಲೆಯಲ್ಲಿ ಮಣೆ ಹಾಕಿ ನನ್ನ ಪಂಚಿಂಗ್ ಮಶೀನು, ಸ್ಕೇಲು, ಮಿಕ್ಸಿ, ಚೂರಿ ಎಲ್ಲ ಜೋಡಿಸಿದೆ. ಆಮೇಲೆ ಖಾಲಾರ ಮೇಜಿನ ಹತ್ತಿರ ಹೋಗಿ ನಿಂತೆ.

"ನಿಮ್ಮ ಪುಸ್ತಕ ಮುಗಿಯಬೇಕಲ್ಲ? ನಾಳೆ ಒಂದು ದಿನ ನಿಮ್ಮ ಸಾಮಾನನ್ನೂ ಪೂಜೆಗೆ ಕೊಡಿ. ಆದರೆ ನಾಡಿದ್ದು ಬೆಳಿಗ್ಗೆವರೆಗೆ ಮುಟ್ಟುವ ಹಾಗಿಲ್ಲ. ಓದುವುದು ಬರೆಯುವುದು ಮಾಫಿ, ಏನೂ ಇಲ್ಲ."

ಅವರಿಗೆ ಇದು ಬಹಳ ಹಿಡಿಸಿತು. "ಅಂದರೆ ನನ್ನ ಪೆನ್ನಿಗೂ ರಜೆ. ನಲವತ್ತು ವರ್ಷದಿಂದ ಯಾರೂ ಕೊಟ್ಟಿಲ್ಲ" ಎನ್ನುತ್ತಾ ಪೆನ್ನುಗಳನ್ನೆಲ್ಲ ಒಟ್ಟು ಮಾಡಿ ಕೊಟ್ಟರು. ಹದಿನಾರು ಅಧ್ಯಾಯಗಳ ಕಟ್ಟನ್ನು ಕೊಟ್ಟರು. ಕೊನೆಗೆ ಜೇಬಿನಿಂದ ರೆಕಾರ್ಡರ್ ತೆಗೆದು, "ಇದು ಎಲ್ಲಕ್ಕಿಂತ ದೊಡ್ಡ ಆಯುಧ, ಮುಂದೆ ಇಡು" ಅಂದರು. ನಾನು ಅದನ್ನು ಎಲ್ಲಕ್ಕಿಂತ ಮುಂದೆಯೇ ಇಟ್ಟೆ. ಮಾರನೆಯ ದಿನ ಅದಕ್ಕೆ ಕುಂಕುಮ ಹಚ್ಚಿ, ಮೇಲೊಂದು ದಾಸವಾಳ ಇಟ್ಟಾಗ ನಿಜವಾಗಿಯೂ ನನಗೆ ಕಣ್ಣು ತುಂಬಿ ಬಂತು. ಈ ಹೆಂಗಸಿನ ಪುಸ್ತಕ ಮುಗಿಸಿಕೊಡು ತಾಯೇ ಎಂದು ಬೇಡಿಕೊಂಡೆ.

ಸಂಜೆ ನಾಲ್ಕೂವರೆಯ ಹೊತ್ತಿಗೆ, ಖಾಲಾ ಆಗಷ್ಟೇ ಆಫೀಸಿನಿಂದ ಬಂದಿದ್ದಾಗ, ಅವರ ಫೋನ್ ಹೊಡೆದುಕೊಂಡಿತು. ಅದು ಶುಕ್ರವಾರವಲ್ಲ. ಗಾಜಾದಲ್ಲಿ ಆಗ ದಿನಕ್ಕೆ ಕೆಲವೇ ಗಂಟೆ ಕರೆಂಟು. ಬಂದಾಗ ಪಕ್ಕದ ಮನೆಯವರು ಮುದುಕಿಗೆ ಫೋನ್ ಹಚ್ಚಿ ಕೊಡುವುದು ಅಪರೂಪಕ್ಕೊಮ್ಮೆ ಇತ್ತು. ಖಾಲಾ ಓಡಿಹೋಗಿ ಸ್ಟೂಲಿನ ಮೇಲೆ ಕುಳಿತರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕೋಣೆಯ ಕಡೆ ನೋಡುತ್ತಿದ್ದೆ. ಊದುಬತ್ತಿಯ ಹೊಗೆಗೆ ಸ್ಮೋಕ್ ಡಿಟೆಕ್ಟರ್ ಕೂಗಿದರೆ ವಾಚ್‌ಮ್ಯಾನ್ ಬರುತ್ತಾನೆಂದು ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದೆ. ಚೀಲ ಜಾರುತ್ತಿತ್ತು. ನನ್ನ ಕಣ್ಣೆಲ್ಲ ಆ ಚೀಲದ ಮೇಲೆ.

ಸ್ಪೀಕರಿನಲ್ಲಿ ಮುದುಕಿಯ ಸ್ವರ ಕೇಳುತ್ತಿತ್ತು. ನನಗೆ ಅರ್ಥವಾಗುತ್ತಿದ್ದದ್ದು ಖಾಲಾ ನಡುನಡುವೆ ಹೇಳುವ 'ಯಮ್ಮಾ' ಒಂದೇ. ಸ್ವಲ್ಪ ಹೊತ್ತಿಗೆ ಅವರು ನನ್ನ ಕಡೆ ತಿರುಗಿ ಬೆರಳಿನಿಂದ ಸನ್ನೆ ಮಾಡಿದರು: ರೆಕಾರ್ಡರ್ ತಾ.

"ನಾಳೆ ಖಾಲಾ" ಅಂದೆ ಮೆಲ್ಲಗೆ. ನಗುತ್ತಲೇ ಅಂದೆ. ದಿನವಿಡೀ ಮಕ್ಕಳು ಪುಸ್ತಕ ಮುಟ್ಟದ ಹಾಗೆ ಕಾಯುವ ನನ್ನ ಅಮ್ಮನ ಗತ್ತೇ ನನ್ನ ಮೈಮೇಲೆ ಬಂದಿತ್ತು. ಏಳನೇ ಕ್ಲಾಸಿನಲ್ಲಿ ಪೂಜೆಗಿಟ್ಟ ವಿಜ್ಞಾನದ ಪುಸ್ತಕವನ್ನು ಕದ್ದು ತೆಗೆದು ಓದಿ ಫೇಲಾದವಳು ನಾನು. ಇದು ಆಟದ ವಿಷಯವಲ್ಲ ಎಂದು ನನಗೆ ಗಟ್ಟಿಯಾಗಿ ಗೊತ್ತಿತ್ತು.

ಅವರು ಮತ್ತೊಮ್ಮೆ ಸನ್ನೆ ಮಾಡಿದರು. ಎದ್ದು ಬರಲು ಆಗದು, ಎದ್ದರೆ ಫೋನ್ ಕಡಿಯುತ್ತದೆ. ನನ್ನನ್ನು ಕರೆಯಲೂ ಆಗದು, ನಡುವೆ ಬೇರೆ ಮಾತು ಬಂದರೆ ಮುದುಕಿ ನಿಲ್ಲಿಸಿಬಿಡುತ್ತದೆ. ಇದೆಲ್ಲ ಈಗ ನನಗೆ ಗೊತ್ತು. ಆಗ ನಾನು ಕೋಣೆಗೆ ಹೋದೆ, ಮಣೆಯ ಮುಂದೆ ನಿಂತೆ, ಕೈ ಚಾಚಿದೆ, ಹಿಂತೆಗೆದೆ. ದೀಪ ಉರಿಯುತ್ತಿದೆ, ಹೇಗೆ ತೆಗೆಯಲಿ? ಶುಕ್ರವಾರ ಹೇಗೂ ಮತ್ತೆ ಮಾತಾಡುತ್ತಾರಲ್ಲ ಅಂದುಕೊಂಡೆ. ಬರಿಗೈಯಲ್ಲಿ ವಾಪಸು ಬಂದೆ.

ಬಂದು ನೋಡುತ್ತೇನೆ, ಅವರು ಫೋನಿನ ಮೇಲೆ ಬಾಗಿದ್ದಾರೆ, ಮುಖ ತುಂಬ ನೀರು. ಓಡಿದೆ. ದಾಸವಾಳ ಎಲ್ಲಿ ಬಿತ್ತೋ, ಕುಂಕುಮ ಎಲ್ಲಿ ಚೆಲ್ಲಿತೋ, ರೆಕಾರ್ಡರ್ ಎತ್ತಿಕೊಂಡು ಬಂದು ಬಟನ್ ಒತ್ತಿ ಫೋನಿನ ಪಕ್ಕದಲ್ಲಿಟ್ಟೆ. ಇನ್ನೊಂದು ನಿಮಿಷ ಮಾತು ನಡೆಯಿತು. ಆಮೇಲೆ ಅಲ್ಲಿ ಕರೆಂಟು ಹೋಯಿತೋ ಏನೋ, ಲೈನ್ ಸತ್ತಿತು.

ಆ ಒಂದು ನಿಮಿಷದಲ್ಲಿರುವುದು ಇಷ್ಟು: ಊಟ ಮಾಡಿದೆಯಾ? ನೆತ್ತಿಗೆ ಎಣ್ಣೆ ಹಾಕಿಕೊ. ಪಕ್ಕದ ಮನೆಯವರ ಕೋಳಿ ಮೊಟ್ಟೆ ಇಡುವುದು ನಿಲ್ಲಿಸಿದೆ.

ಅದಕ್ಕೆ ಮುಂಚೆ, ನಾನು ಮಣೆಯ ಮುಂದೆ ನಿಂತು ಯೋಚಿಸುತ್ತಿದ್ದಾಗ, ಮುದುಕಿ ಎಲ್ಲವನ್ನೂ ಹೇಳಿ ಮುಗಿಸಿತ್ತು. ಅರವತ್ತು ಚಿಲ್ಲರೆ ವರ್ಷ ಹೇಳದ್ದನ್ನು, ಯಾರೂ ಕೇಳದೆಯೇ, ತಾನಾಗಿಯೇ ಶುರುಮಾಡಿ ಹೇಳಿತ್ತು.

ಖಾಲಾ ಪೆನ್ನು ಕೇಳಿದರು. ಪೆನ್ನುಗಳೂ ಪೂಜೆಯಲ್ಲೇ ಇದ್ದವು. ತಂದುಕೊಟ್ಟೆ. ಅವರು ಅಲ್ಲೇ, ಒಲೆಯ ಪಕ್ಕದ ಕಟ್ಟೆಯ ಮೇಲೆ, ಬ್ರೆಡ್ಡಿನ ಚೀಲದ ಕಾಗದ ಹರಿದು ಬರೆಯತೊಡಗಿದರು. ಹಳ್ಳಿಯ ಹೊರಗಿನ ಬಾವಿ. ಬಾವಿಗೆ ಬೆನ್ನು ಹಾಕಿ ಸಮುದ್ರದ ಕಡೆ ಮುಖ ಮಾಡಿ ನಿಂತರೆ ಒಂದು ದೊಡ್ಡ ಮರ, ನಮ್ಮ ಅತ್ತಿ ಮರದ ಜಾತಿಯದ್ದು. ಮರದ ಬುಡದಿಂದ ಹತ್ತು ಹೆಜ್ಜೆ. ಅಷ್ಟು ಬರೆದು ಪೆನ್ನು ನಿಂತಿತು.

"ಬಲಕ್ಕೋ ಎಡಕ್ಕೋ" ಎಂದು ತಮಗೆ ತಾವೇ ಹೇಳಿಕೊಂಡರು. "ಅಮ್ಮ ಹೇಳಿದಳು. ನಾನು ಕೇಳಿದೆ. ಈಗ ಇತ್ತು, ಈಗ ಇಲ್ಲ."

ನಾನು ಏನು ಹೇಳಿದೆ ಗೊತ್ತಾ? "ಶುಕ್ರವಾರ ಕೇಳಿದರಾಯಿತು ಖಾಲಾ" ಅಂದೆ.

ಶುಕ್ರವಾರ ಕೇಳಿದರು. ಮುದುಕಿ, ಯಾವ ಮಗು ಅಂದಿತು. ಮುಂದಿನ ಶುಕ್ರವಾರ ಕೇಳಿದರು. ಒಲೆಯ ಮೇಲೆ ಪಾತ್ರೆ ಇಟ್ಟಿದ್ದೇನೆ ಅಂದಿತು. ಇನ್ನೊಂದು ಶುಕ್ರವಾರ ಮಗಳನ್ನೇ ತಂಗಿಯೆಂದು ತಿಳಿದು ಮದುವೆಯ ವಿಷಯ ಮಾತಾಡಿತು. ರೆಕಾರ್ಡರ್ ಪ್ರತಿ ಸಲವೂ ಪಕ್ಕದಲ್ಲೇ ಇತ್ತು. ನಾನೇ ಬ್ಯಾಟರಿ ನೋಡಿ, ಬಟನ್ ಒತ್ತಿ ಇಡುತ್ತಿದ್ದೆ. ಅಷ್ಟು ಚೆನ್ನಾಗಿ ನಾನು ಇನ್ಯಾವ ಕೆಲಸವನ್ನೂ ಮಾಡಿಲ್ಲ.

ಖಾಲಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ದಿನ ನಾನೇ ತಡೆಯಲಾರದೆ ಅಳುತ್ತಾ ಕೇಳಿದೆ, ನನ್ನ ಮೇಲೆ ಸಿಟ್ಟಾ ಎಂದು.

"ಹೌದು, ಸಿಟ್ಟು" ಅಂದರು. "ಸ್ವಲ್ಪ ದಿನ ಇರುತ್ತದೆ. ಯಲ್ಲಾ, ನಡಿ, ಚಹಾ ಮಾಡು."

ಆ ಚಳಿಗಾಲದಲ್ಲಿ ಮುದುಕಿ ಸತ್ತಿತು. ಖಾಲಾ ಹೋಗುವ ಹಾಗಿರಲಿಲ್ಲ. ಯಾವ ಗಡಿಯಲ್ಲೂ ಅವರ ಆ ಪ್ರಯಾಣ ಪತ್ರ ನಡೆಯುತ್ತಿರಲಿಲ್ಲ. ಮೂರು ದಿನ ನಮ್ಮ ಹಾಲಿನಲ್ಲಿ ಅವರ ಕಡೆಯ ಹೆಂಗಸರು ಬಂದು ಕುಳಿತರು. ಸಕ್ಕರೆ ಹಾಕದ ಕಪ್ಪು ಕಾಫಿ, ಖರ್ಜೂರ. ಕಾಫಿ ಹಂಚುತ್ತಿದ್ದವಳು ನಾನು. ಎಲ್ಲರೂ ನನ್ನ ಕೈ ಹಿಡಿದು ಏನೋ ಒಳ್ಳೆಯ ಮಾತು ಹೇಳಿ ಹೋದರು, ಮನೆಮಗಳಿಗೆ ಹೇಳುವ ಹಾಗೆ. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು. ಅಣ್ಣನಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡೆ. ಅವನು, "ನಿಂಗೆ ಗೊತ್ತಿತ್ತಾ? ಗೊತ್ತಿರ್ಲಿಲ್ಲ ಅಲ್ವಾ? ಬಿಡು" ಅಂದ. ಬಿಡುವುದು ಹೇಗೆಂದು ಅವನಿಗೂ ಗೊತ್ತಿರಲಿಲ್ಲ.

ಆಮೇಲೆ ಅವರು ಬರೆಯುವುದನ್ನು ನಿಲ್ಲಿಸಿದರು. ಆಫೀಸಿನಿಂದ ಬಂದು ಊಟದ ಮೇಜಿನ ಮುಂದೆ ಕುಳಿತು, ಆ ಬ್ರೆಡ್ಡಿನ ಚೀಲದ ಕಾಗದವನ್ನು ಮುಂದಿಟ್ಟುಕೊಂಡು ಸಿಗರೇಟು ಸೇದುತ್ತಿದ್ದರು. ಮುದುಕಿಯರಿಗೆ ಫೋನ್ ಮಾಡುವುದೂ ನಿಂತಿತು. ಒಬ್ಬಿಬ್ಬರು ಅವರೇ ಫೋನ್ ಮಾಡಿ, ನನ್ನ ಮನೆಯ ವಿಷಯ ಅರ್ಧಕ್ಕೇ ನಿಂತಿದೆಯಲ್ಲ ಎಂದು ಕೇಳಿದರಂತೆ. ಬೈರೂತಿನಿಂದ ಪ್ರಕಾಶಕರ ಪತ್ರ ಬಂತು, ಉತ್ತರ ಬರೆಯಲಿಲ್ಲ. ನಾನು ಅನ್ನ ಸಾರು ಮಾಡಿ ತಟ್ಟೆಗೆ ಬಡಿಸಿದರೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದರು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು.

ಹೀಗೆ ನಾಲ್ಕು ತಿಂಗಳಾಗಿರಬೇಕು. ಒಂದು ಶನಿವಾರ ಬೆಳಿಗ್ಗೆ ನಾನು ಸೊಪ್ಪು ಹೆಚ್ಚುತ್ತಿದ್ದೆ. ಅವರು ಬಂದು ಆ ಸ್ಟೂಲಿನ ಮೇಲೆ ಕುಳಿತರು.

"ಯಾ ಬಿಂತಿ, ಒಂದು ಕೇಳುತ್ತೇನೆ. ಅಮ್ಮ ಮರದ ವಿಷಯ ಹೇಳುವಾಗ, ಈ ಕಡೆಯಾ ಎಂದು ನಾನು ಕೈ ಎತ್ತಿ ತೋರಿಸಿದೆ. ಫೋನಿನಲ್ಲಿ ಅವಳಿಗೇನು ಕಾಣುತ್ತದೆ, ಆದರೂ ಎತ್ತಿದೆ. ಎತ್ತಿದ್ದು ನೆನಪಿದೆ, ಯಾವ ಕೈ ಎಂದು ನೆನಪಿಲ್ಲ. ನೀನು ಆಗ ಬಾಗಿಲಲ್ಲಿ ನಿಂತಿದ್ದೆ. ಯಾವ ಕೈ?"

ನನ್ನ ಕೈಯ ಚೂರಿ ನಿಂತಿತು. ಅವರು ಕೈ ಎತ್ತಿದಾಗ ನಾನು ಎಲ್ಲಿದ್ದೆ? ಬಾಗಿಲಲ್ಲಿದ್ದರೆ ಕಣ್ಣು ಸ್ಮೋಕ್ ಡಿಟೆಕ್ಟರಿನ ಚೀಲದ ಮೇಲಿತ್ತು. ಇಲ್ಲದಿದ್ದರೆ ಕೋಣೆಯಲ್ಲಿ ಮಣೆಯ ಮುಂದೆ ನಿಂತಿದ್ದೆ. ನಾನು ಏನನ್ನೂ ನೋಡಿರಲಿಲ್ಲ. ಅವರ ಕೈ ಎದ್ದದ್ದೂ ನನಗೆ ಗೊತ್ತಿರಲಿಲ್ಲ.

ಅವರು ಕಾಯುತ್ತಿದ್ದರು. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಏನೋ ಒಂದು ಆಸೆ ಕಂಡಿತು. ಇಲ್ಲ, ನಾನು ನೋಡಲಿಲ್ಲ ಎಂದು ಆ ಮುಖಕ್ಕೆ ಹೇಳಬೇಕಿತ್ತು. ಒಂದು ಸಲ ಬರಿಗೈಯಲ್ಲಿ ಬಂದು ನಿಂತವಳು ಇನ್ನೊಂದು ಸಲ ಬರಿಗೈಯಲ್ಲಿ ನಿಲ್ಲುವುದು ನನ್ನಿಂದ ಆಗಲಿಲ್ಲ.

"ಬಲಗೈ" ಅಂದೆ.

ಯಾಕೆ ಬಲಗೈ? ಹೊಸ ಮನೆಗೆ ಬಲಗಾಲಿಡು, ಪ್ರಸಾದಕ್ಕೆ ಬಲಗೈ ಚಾಚು ಎಂದು ಕೇಳಿಕೊಂಡೇ ಬೆಳೆದವಳ ಬಾಯಿಗೆ ಬೇರೆ ಯಾವುದು ಬರುತ್ತದೆ? ಒಂದು ಕ್ಷಣವೂ ಯೋಚಿಸದೆ ಬಂತು. ಯೋಚಿಸದೆ ಬಂದದ್ದರಿಂದಲೇ ಅವರು ನಂಬಿದರು ಎಂದು ಕಾಣುತ್ತದೆ.

"ವಲ್ಲಾಹಿ?" ಎಂದು ಕೇಳಿದರು. ದೇವರಾಣೆಗೂ ಹೌದಾ ಎಂದು.

"ವಲ್ಲಾಹಿ" ಅಂದೆ. ಪೂಜೆಗಿಟ್ಟ ಸಾಮಾನು ಮುಟ್ಟಲು ದೇವರಿಗೆ ಹೆದರಿದವಳು ಆ ಮಾತಿಗೆ ಹೆದರಲಿಲ್ಲ.

ಅವರು ಎದ್ದು ಬಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. ಅವರ ಅಂಗಿಯಲ್ಲಿ ಸಿಗರೇಟಿನ ವಾಸನೆ. ಆಮೇಲೆ ಹಾಲಿಗೆ ಹೋಗಿ ಕುರ್ಚಿ ಎಳೆದುಕೊಂಡು ಕುಳಿತ ಸದ್ದು ಕೇಳಿತು. ಮಧ್ಯಾಹ್ನ ಊಟಕ್ಕೆ ಕರೆದರೆ ಬರಲಿಲ್ಲ, ಬರೆಯುತ್ತಿದ್ದರು. ಸಂಜೆ ಬಂದು ಎರಡು ತಟ್ಟೆ ಅನ್ನ ಉಂಡರು.

ಹದಿನೇಳನೇ ಅಧ್ಯಾಯಕ್ಕೆ ರಿವಿಷನ್ ನಂಬರು ಹಾಕಲು ನನ್ನ ಕೈ ಬರಲಿಲ್ಲ. "ಮ್ಯಾನೇಜರಿಗೆ ಏನಾಗಿದೆ?" ಎಂದು ಕೇಳಿದರು. ಕಣ್ಣು ನೋವು ಅಂದೆ.

ಪುಸ್ತಕ ಬಂತು. ಒಂದು ಪ್ರತಿ ನನಗೆ ಕೊಟ್ಟರು. ಆಫೀಸಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸಿರಿಯಾದ ಹುಡುಗಿಯಿಂದ ಕೊನೆಯ ಅಧ್ಯಾಯ ಓದಿಸಿ, ಅರ್ಥ ಹೇಳಿಸಿ ಕೇಳಿದೆ. ಬಾವಿ, ಮರ, ಹತ್ತು ಹೆಜ್ಜೆ, ಬಲಗಡೆ. ಓದುತ್ತಾ ಆ ಹುಡುಗಿ ಅತ್ತಳು. ನಾನೂ ಅತ್ತೆ, ಕಾರಣ ಬೇರೆಯಾಗಿತ್ತು. ಅವಳಿಗೆ ಹೇಳಲಿಲ್ಲ.

ಆಮೇಲೆ ಎರಡು ವರ್ಷಕ್ಕೆ ಖಾಲಾರ ಕಂಪನಿ ಅವರನ್ನು ಇನ್ನು ಸಾಕು ಎಂದಿತು. ಕೆಲಸ ಇಲ್ಲವೆಂದರೆ ವೀಸಾ ಇಲ್ಲ, ಮೂವತ್ತು ದಿನದೊಳಗೆ ಖಾಲಿ ಮಾಡಬೇಕು. ನಮಗಾದರೆ ಪೆಟ್ಟಿಗೆ ಕಟ್ಟಿಕೊಂಡು ಹೋಗಲು ಒಂದು ಊರಿದೆ. ಅವರಿಗೆ ಕೆನಡಾದಲ್ಲಿ ಒಬ್ಬ ತಂಗಿ ಇದ್ದರು. ಆ ತಂಗಿ ಇವರನ್ನು ಕರೆಸಿಕೊಳ್ಳಲು ಎಷ್ಟೋ ಮೊದಲೇ ಹಾಕಿದ್ದ ಅರ್ಜಿ ಪುಣ್ಯಕ್ಕೆ ಅದೇ ತಿಂಗಳು ಪಾಸಾಯಿತು. ನಕ್ಷೆಗಳನ್ನು, ರೆಕಾರ್ಡಿಂಗಿನ ಡಬ್ಬಿಯನ್ನು ನಾನೇ ಪ್ಯಾಕ್ ಮಾಡಿದೆ. ಒಂದೊಂದಕ್ಕೂ ಪಟ್ಟಿ ಬರೆದೆ. ಪ್ಯಾಕ್ ಮಾಡುವಾಗ ಎಷ್ಟು ಸಲ ಬಾಯಿ ತೆರೆದೆನೋ ಲೆಕ್ಕವಿಲ್ಲ. ಏರ್‌ಪೋರ್ಟಿನಲ್ಲಿ ಅವರು, "ನಿನ್ನಿಂದ ನನ್ನ ಪುಸ್ತಕ ಮುಗಿಯಿತು" ಅಂದರು. ನಾನು ಟ್ರಾಲಿ ತಳ್ಳಿದೆ.

ಎರಡು ವರ್ಷದ ಹಿಂದಿನ ಒಂದು ವಸಂತದಲ್ಲಿ, ಆಫೀಸಿನಲ್ಲಿದ್ದಾಗ, ಅವರಿಂದ ಒಂದು ಫೋಟೋ ಬಂತು, ಜೊತೆಗೆ ಒಂದು ವಾಯ್ಸ್ ಮೆಸೇಜು. ತಂಗಿಯ ಮಗಳು ಕೆನಡಾದಲ್ಲಿ ಹುಟ್ಟಿದವಳು, ಅವಳ ಪಾಸ್‌ಪೋರ್ಟಿಗೆ ಎಲ್ಲ ಬಾಗಿಲೂ ತೆರೆಯುತ್ತದೆ. ಅವಳು ದೊಡ್ಡಮ್ಮನ ಕಾದಂಬರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆ ಜಾಗಕ್ಕೆ ಹೋಗಿದ್ದಳು. ಹಳ್ಳಿ ಇಲ್ಲ. ಬಾವಿಯ ಬಾಯಿಗೆ ಕಬ್ಬಿಣದ ಮುಚ್ಚಳ. ಮರ ಮಾತ್ರ ಇತ್ತು, ಹತ್ತು ಜನ ತಬ್ಬುವಷ್ಟು ದಪ್ಪ.

"ಯಾ ಬಿಂತಿ, ನೋಡಿದೆಯಾ?" ಎಂದಿತು ಖಾಲಾರ ಸ್ವರ. ಬಹಳ ಮುದಿಯಾಗಿತ್ತು. "ಹತ್ತು ಹೆಜ್ಜೆ ಎಣಿಸಿದಳಂತೆ. ಅಲ್ಲಿ ಕುಳಿತು ಪ್ರಾರ್ಥನೆ ಓದಿದಳಂತೆ. ಇಷ್ಟು ವರ್ಷದ ಮೇಲೆ ಅವನ ಹತ್ತಿರ ನಮ್ಮವರೊಬ್ಬರು ಕುಳಿತರು. ನೀನು ಅಂದು ನೋಡದೆ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ನನ್ನ ಸಿಟ್ಟು ಖಲಾಸ್. ದೇವರು ನಿನ್ನ ಕಣ್ಣು ಚೆನ್ನಾಗಿಟ್ಟಿರಲಿ."

ನಾನು ಉತ್ತರ ಹೇಳಲು ಮೂರು ಸಲ ಬಟನ್ ಒತ್ತಿ, 'ಖಾಲಾ' ಎಂದು, ಮೂರು ಸಲ ಅಳಿಸಿದೆ. ಕೊನೆಗೆ 'ಹೌದು ಖಾಲಾ, ಅದೇ ಜಾಗ' ಎಂದು ಟೈಪು ಮಾಡಿ ಕಳಿಸಿದೆ.

ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಮರದ ಬಲಗಡೆ ಆ ಹುಡುಗಿ ನೆಲದ ಮೇಲೆ ಕುಳಿತಿದ್ದಾಳೆ, ಮುಂದೆ ಸಣ್ಣ ಕಲ್ಲುಗಳನ್ನು ಮಗುವಿನ ಉದ್ದಕ್ಕೆ ಜೋಡಿಸಿದ್ದಾಳೆ, ಮೇಲೆ ಬಿಳಿ ಹೂಗಳು. ನಾನು ಆ ಕಡೆ ನೋಡುವುದಿಲ್ಲ. ಎರಡು ಬೆರಳಿನಿಂದ ಹಿಗ್ಗಿಸಿ ಮರದ ಎಡಗಡೆಯನ್ನೇ ನೋಡುತ್ತೇನೆ. ಅಲ್ಲಿ ಒಣ ಹುಲ್ಲಿದೆ. ಅಲ್ಲಿ ಯಾರೂ ಒಂದು ಕಲ್ಲನ್ನೂ ಇಟ್ಟಿಲ್ಲ.